ಷಡ್ಡಕನನ್ನು ಎಬ್ಬಿಸಿದ್ದು

ಕಾಯಿಲೆ ಬಿದ್ದು ವಾಸಿಯಾದವನಷ್ಟು ಅಪಾಯಕಾರಿ ವೈದ್ಯ ಇನ್ನೊಬ್ಬನಿಲ್ಲ. ಅದಕ್ಕೆ ನಾನೇ ಸಾಕ್ಷಿ. ಹೊಸೂರು ಪಕ್ಕದ ಮೂಕಂಡಪಲ್ಲಿಯ ಕಾರ್ಖಾನೆಯಲ್ಲಿ ಪೈಪ್ ಫಿಟ್ಟರ್ ಆಗಿ ನಿವೃತ್ತನಾದ ಮರುವರ್ಷ ನನಗೆ ಲಕ್ವ ಹೊಡೆಯಿತು. ಆಸ್ಪತ್ರೆಯವರು ಎರಡನೇ ದಿನವೇ ಕೂರಿಸಿದರು, ಆಮೇಲೆ ನಿಲ್ಲಿಸಿದರು, ನಡೆಸಿದರು. ಕೈಕಾಲು ಆಡಿಸಿದಷ್ಟೂ ಮೆದುಳು ಮರೆತ ಪಾಠವನ್ನು ಮತ್ತೆ ಕಲಿಯುತ್ತದಂತೆ. ನನ್ನದೂ ಕಲಿಯಿತು. ಕಲಿತವನು ಸುಮ್ಮನಿರಬೇಕಲ್ಲ! ಬೀದಿಯ ಮಂಡಿನೋವಿನವರಿಗೂ ವ್ಯಾಯಾಮ ಹೇಳಿಕೊಡತೊಡಗಿದೆ.

ಆರು ತಿಂಗಳಿಗೆ, ಡೆಂಕಣಿಕೋಟೆ ಕಡೆ ರಾಗಿ ಬೆಳೆಯುವ ನನ್ನ ಷಡ್ಡಕ ಮುನಿರಾಜುವಿಗೂ ಲಕ್ವ ಹೊಡೆದು, ಹೊಸೂರಿನ ಆಸ್ಪತ್ರೆಗೆ ಸೇರಿಸಿದರು. ಮೂರನೇ ದಿನ ನೋಡಲು ಹೋದೆ. ಅವನ ಹೆಂಡತಿ, ನನ್ನ ನಾದಿನಿ ರತ್ನ, ಔಷಧಿ ತರಲು ಕೆಳಗೆ ಹೋದಳು. ಈ ಕಾಯಿಲೆಯಲ್ಲಿ ನಾನು ಸೀನಿಯರ್ ಅಲ್ಲವೇ?

“ಮಲ್ಗೇ ಇದ್ರೆ ಮೆದುಳು ತುಕ್ಕು ಹಿಡೀತದೆ ಕಣ್ಲಾ, ಏಳು,” ಎಂದೆ.

“ನೀವು ಹೇಳಿದ್ಮೇಲೆ ಆಯ್ತಣ್ಣ,” ಎಂದು ತೊದಲಿ, ನನ್ನ ಹೆಗಲು ಹಿಡಿದು ನಿಂತ. ನಿಂತವನ ಮುಖದಲ್ಲಿ ಬೆವರಿಳಿಯಿತು. “ತಲೆ...” ಎಂದ. ಪಕ್ಕದ ಯಂತ್ರ ಕಿರುಚತೊಡಗಿತು. ಓಡಿಬಂದ ನರ್ಸ್ ಅವನನ್ನು ಮಲಗಿಸಿ, “ಯಾರ್ ಸೊನ್ನದು?” ಎಂದು, ಏಳಲು ಹೇಳಿದ್ದು ಯಾರೆಂದು ತಮಿಳಿನಲ್ಲಿ ಗದರಿದಳು. ನಾನು ಗೋಡೆಯ ಗಡಿಯಾರ ನೋಡತೊಡಗಿದೆ. ಮುನಿರಾಜು ಕಷ್ಟಪಟ್ಟು ಹೇಳಿದ: “ನಾನೇ ಎದ್ದೆ.”

ಅವನನ್ನು ಮತ್ತೆ ಸ್ಕ್ಯಾನಿಂಗಿಗೆ ಒಯ್ದರು. ಹೊರಗೆ ಬೆಂಚಿನ ಮೇಲೆ ರತ್ನ ಸೆರಗಿನ ತುದಿ ಹಿಂಡುತ್ತ ಕೂತಿದ್ದಳು. ನನ್ನ ಮಾತಿಗೆ ಅವನ ಜೀವ ಹೋದರೆ? ನಿಜ ಹೇಳಲೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಬರೀ ಕೆಮ್ಮಿದೆ. ಅಷ್ಟು ಹೆದರಿಕೆ ನನಗೆ ನನ್ನ ಲಕ್ವದಲ್ಲೂ ಆಗಿರಲಿಲ್ಲ.

ಕೊನೆಗೆ ಡಾಕ್ಟರು ಬಂದು, ಹೊಸದಾಗಿ ರಕ್ತ ಸೋರಿಲ್ಲ ಎಂದರು. ನನ್ನದು ರಕ್ತನಾಳ ಕಟ್ಟಿಕೊಂಡದ್ದು, ಅವನದು ಒಡೆದದ್ದು ಎಂದು ಆಗ ತಿಳಿಯಿತು. ವ್ಯಾಯಾಮ ಅವನಿಗೂ ಬೇಕಂತೆ, ಆದರೆ ಬಿ.ಪಿ. ಹಿಡಿತಕ್ಕೆ ಬಂದ ಮೇಲೆ, ಅವರು ಹೇಳಿದಷ್ಟೇ. ಕಟ್ಟಿದ ಪೈಪಿಗೂ ಒಡೆದ ಪೈಪಿಗೂ ಒಂದೇ ರಿಪೇರಿಯಲ್ಲ ಎಂಬುದನ್ನು ಜೀವಮಾನವೆಲ್ಲ ಪೈಪು ಜೋಡಿಸಿದವನಿಗೆ ಡಾಕ್ಟರು ಹೇಳಿಕೊಡಬೇಕಾಯಿತು!

ಈಗ ಮುನಿರಾಜು ಕೋಲೂರಿಕೊಂಡು ಹೊಲದ ಬದುವಿನವರೆಗೆ ನಡೆಯುತ್ತಾನೆ. ಅವಸರ ಮಾಡಿದರೆ ರತ್ನ, “ಭಾವನ್ನ ನೋಡಿ ತಾಳ್ಮೆ ಕಲೀರಿ,” ಎಂದು ಬೈಯುತ್ತಾಳೆ. ಅವನು ನನ್ನ ಕಡೆ ತಿರುಗಿ ನಗುತ್ತಾನೆ. ಹೋದ ಭಾನುವಾರ ನನಗೆ ತಡೆಯಲಾಗಲಿಲ್ಲ. “ರತ್ನಾ, ಅವತ್ತು ಇವನ್ನ ಎಬ್ಬಿಸಿದ್ದು ನಾನು ಕಣಮ್ಮ,” ಎಂದುಬಿಟ್ಟೆ.

ಅವಳು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಅವತ್ತೇ ಗೊತ್ತಾಯ್ತು ಬುಡಿ ಭಾವ. ಮೂವತ್ತು ವರ್ಷದಾಗೆ ಯಾರೂ ಎಬ್ಬಿಸ್ದೆ ಒಂದಿನಾದ್ರೂ ಎದ್ದವ್ರಾ ಇವ್ರು?”