ಮೊದಲ ವರ್ಷದ ಗೊನೆ

ಸೊಲ್ಲಾಪುರದ ದವಾಖಾನೆಯಿಂದ ಇಂಡಿಗೆ ಮರಳಿದ ಮೇಲೆ ಅವ್ವನ ಬಾಯಿಗೆ ಏನೂ ರುಚಿಸುತ್ತಿರಲಿಲ್ಲ. ಎರಡು ಗುಟುಕು ಗಂಜಿ ಕುಡಿದು ಬಟ್ಟಲು ಸರಿಸಿಬಿಡುತ್ತಿದ್ದಳು. ಬಾಯಿಬಿಟ್ಟು ಕೇಳಿದ್ದು ಒಂದೇ, ಹಿತ್ತಲಿನ ಬಳ್ಳಿಯ ದ್ರಾಕ್ಷಿ.

"ಅದು ಆದರ ತಿಂತೇನಿ ನೋಡು" ಎಂದಿದ್ದಳು.

ಬಳ್ಳಿ ಆಕೆಯೇ ನೆಟ್ಟಿದ್ದು. ಸಾಲೋಟಗಿ ಕಡೆಯ ನಮ್ಮ ತೋಟದಿಂದ ಬೇರು ಬಿಟ್ಟ ಕಡ್ಡಿ ತಂದು, ಬಟ್ಟೆ ಒಗೆಯುವ ಕಲ್ಲಿನಾಚೆ ಊರಿ, ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದಳು. ಅದು ಹಂದರಕ್ಕೆ ಹಬ್ಬಿ, ದೀಪಾವಳಿ ಕಳೆಯುವಷ್ಟರಲ್ಲಿ ಮೊದಲ ಸಲ ಹೂಗೊನೆ ತೋರಿಸಿತ್ತು.

ಒಂದು ಮುಂಜಾನೆ ಅಪ್ಪ ಸ್ಟೂಲ್ ಹತ್ತಿ ಆ ಗೊನೆಗಳನ್ನು ಚಿವುಟತೊಡಗಿದ. ದ್ರಾಕ್ಷಿ ಬೆಳೆಯುವವರ ಪದ್ಧತಿ ಅದು. ಎಳೆ ಬಳ್ಳಿಗೆ ಮೊದಲ ವರ್ಷವೇ ಫಲ ಹೊರಿಸಿದರೆ ಸೊರಗುತ್ತದೆ, ಚಿವುಟಿದರೆ ಮುಂದೆ ವರ್ಷಗಟ್ಟಲೆ ಕೊಡುತ್ತದೆ. ತೋಟಕ್ಕೆ ಸರಿ, ಹಿತ್ತಲಿನ ಒಂಟಿ ಬಳ್ಳಿಗೂ ಅದೇ ಕಾಯಿದೆಯೇ? ಆದರೆ ನಮ್ಮಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ.

"ಅವ್ವಗ ಒಂದ್ ಗೊನಿನರ ಬಿಡು" ಎಂದೆ.

"ಮುಂದಿನ ವರ್ಷ ಬುಟ್ಟಿಗಟ್ಲೆ ತಿಂತಾಳ."

ಹಿತ್ತಲಲ್ಲೇ ಹಾಕಿದ್ದ ಮಂಚದ ಮೇಲಿದ್ದ ಅವ್ವ "ತಗೀರಿ, ಬಳ್ಳಿ ಗಟ್ಟಿ ಆಗ್ಲಿ" ಎಂದಳು.

ಅಪ್ಪ ಒಳಗೆ ಹೋದ ಮೇಲೆ ನನ್ನ ಕೈ ಹಿಡಿದಳು. "ಮುಂದಿನ ವರ್ಷ ನಾ ಇರೂದಿಲ್ಲ, ನನಗ ಗೊತ್ತೈತಿ. ಪಾಪ, ನಿಮ್ಮಪ್ಪಗ ಗೊತ್ತಿಲ್ಲ. ನೀ ಹೇಳಬ್ಯಾಡ."

ಪೇಟೆಯಿಂದ ತಂದ ದ್ರಾಕ್ಷಿ ಬಾಯಿಗಿಟ್ಟರೆ ಉಗುಳಿದಳು. ಯುಗಾದಿಗೆ ಮೊದಲೇ ಹೋದಳು.

ಮರುವರ್ಷ ಹಂದರ ಬಾಗುವಷ್ಟು ಫಲ ಹಿಡಿಯಿತು. ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಅಪ್ಪ ಒಂದು ಗೊನೆ ಕೊಯ್ದು ನನ್ನ ಮುಂದಿಟ್ಟಾಗ ತಡೆಯಲಾಗಲಿಲ್ಲ.

"ಅವತ್ತ ಆಕಿಗೆ ಒಂದ್ ಗೊನಿ ಬಿಟ್ಟಿದ್ದರ ನಿನ್ನ ಗಂಟೇನ್ ಹೋಗತಿತ್ತು?"

ಅಪ್ಪ ಗೊನೆಯಿಂದ ಕಣ್ಣೆತ್ತದೆ ಹೇಳಿದ. "ಡಾಕ್ಟರ್ ನನಗ ಹೇಳಿಬಿಟ್ಟಿದ್ರು, ಯುಗಾದಿ ದಾಟೂದಿಲ್ಲ ಅಂತ. ಆಕಿನೂ ದ್ರಾಕ್ಷಿ ತ್ವಾಟದಾಗ ದುಡಿದಾಕಿ. ಮೊದಲ ವರ್ಷದ ಗೊನಿ ನಾ ಬಿಟ್ಟಿದ್ದರ, ಯಾಕ್ ಬಿಟ್ಟೆ ಅನ್ನೂದು ಆಕಿಗೆ ಆಗಿಂದಾಗ ತಿಳೀತಿತ್ತು."

ಆಮೇಲೆ ನನ್ನ ಮುಖ ನೋಡಿ ಕೇಳಿದ. "ಆಕಿಗೆ ಕಡೀತನಾ ಗೊತ್ತಾಗಲಿಲ್ಲ, ಹೌದಲ್ಲ?"

"ಇಲ್ಲಪ್ಪ, ಗೊತ್ತಾಗಲಿಲ್ಲ" ಎಂದೆ.