ಕನ್ಸರ್ಟಿನಾಗೆ ಯಾರ ಗಂಟಲು

ಭದ್ರಾವತಿಯ ಆ ವರಾಂಡದಲ್ಲಿ ಅವತ್ತು ಹಾಡಿದ್ದು ನನ್ನ ಹೆಂಡತಿಯೋ ನಾನೋ ಎಂಬುದು ನನಗೆ ಖಚಿತವಿಲ್ಲ. ಅವಳೇ ಹಾಡಿದಳು ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಸ್ಟೂಲಿನ ತುದಿಯಲ್ಲಿ ಕೂತು, ಸೆರಗಿನ ಅಂಚು ಹಿಡಿದುಕೊಂಡು, ಒಂದು ದೇವರನಾಮದ ಮೊದಲ ಸಾಲು. ಚಿತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಸ್ಪಷ್ಟವಾಗಿ ಕಾಣುವುದೆಲ್ಲ ನಡೆದದ್ದಲ್ಲ ಎಂಬುದೊಂದೇ ನಾನು ವಿಶ್ವವಿದ್ಯಾಲಯದಲ್ಲಿ ಕಲಿತ ಉಪಯೋಗದ ಪಾಠ. ಬಸ್ಸಿನಲ್ಲಿ ಹೋಗುವಾಗ ಅವಳು ಸೀರೆ ಉಡುವುದೇ ಕಡಿಮೆ.

ಹೋಗಿದ್ದು ಕನ್ಸರ್ಟಿನಾ ಮಾಡಿಸಲು. ಎರಡು ಕೈಗಳ ನಡುವೆ ಹಿಡಿದು, ಎಳೆದು ಒತ್ತಿ ನುಡಿಸುವ ಆರು ಮೂಲೆಯ ಪುಟ್ಟ ವಾದ್ಯ. ಎರಡು ಬದಿಗೂ ಗುಂಡಿಗಳು, ನಡುವೆ ತಿದಿ. ಮೊಬೈಲಿನಲ್ಲಿ ಅದರ ದನಿ ಕೇಳಿದ ಮೇಲೆ ನನಗೆ ಬೇರೇನೂ ಬೇಡವಾಯಿತು. ಅದಕ್ಕೂ ಮೊದಲು ಕೊಳಲು, ಕ್ಯಾಮೆರಾ, ಜರ್ಮನ್ ಭಾಷೆ ಹೀಗೇ ಬಂದು ಹೋಗಿದ್ದವು. ಭದ್ರಾವತಿಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರೊಬ್ಬರಿದ್ದರು. ಕಾರ್ಖಾನೆಯಲ್ಲಿ ಎರಕಕ್ಕೆ ಮರದ ಅಚ್ಚು ಮಾಡುತ್ತಿದ್ದು ನಿವೃತ್ತರಾದವರು, ಮನೆಮಾತು ತಮಿಳು. ಫೋಟೊ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು.

"ಇದು ಹಾರ್ಮೋನಿಯಂ ಮರಿ ಸಾರ್. ಮಾಡೋಣ."

ಆದರೆ ಅವರಿಗೊಂದು ಪದ್ಧತಿಯಿತ್ತು. ಹಾಡುವವರ ಗಂಟಲು ಕೇಳದೆ ಯಾವ ಪೆಟ್ಟಿಗೆಗೂ ಶ್ರುತಿ ಕೂರಿಸುತ್ತಿರಲಿಲ್ಲ.

"ಯಾರೂ ಹಾಡಲ್ಲ, ಬರೀ ನುಡಿಸೋದು," ಎಂದೆ.

"ಹಾಡದೇ ಇರೋ ಮನೆಗೆ ಪೆಟ್ಟಿಗೆ ಯಾಕೆ ಸಾರ್? ಮರ ಇದೆ, ಟೀಪಾಯಿ ಮಾಡ್ಕೊಡ್ತೀನಿ."

ಹೆಂಡತಿ ನಕ್ಕಳು. ಅದು ನೆನಪಿದೆ. ಪೆಟ್ಟಿಗೆ ಚಿಕ್ಕದು, ಎಲ್ಲ ಶ್ರುತಿಗೂ ಆಗುವಷ್ಟು ರೀಡು, ಅಂದರೆ ದನಿ ಕೊಡುವ ಹಿತ್ತಾಳೆಯ ನಾಲಿಗೆ, ಹಿಡಿಸುವುದಿಲ್ಲ, ಒಬ್ಬರ ಗಂಟಲು ಆರಿಸಿಕೊಳ್ಳಿ ಎಂದು ಅವರು ವಿವರಿಸಿದ್ದೂ ನೆನಪಿದೆ. ಅವಳು ಮದುವೆಗೆ ಮುಂಚೆ ಸಂಗೀತ ಕಲಿತವಳು, ಐದೂವರೆ ಶ್ರುತಿಯಲ್ಲಿ, ಗಂಡಸರ ಗಂಟಲಿಗೆ ಸುಲಭಕ್ಕೆ ಎಟುಕದ ಎತ್ತರದಲ್ಲಿ, ಹಾಡುತ್ತಿದ್ದಳು. ಆಮೇಲೆ ನಮ್ಮಿಬ್ಬರಲ್ಲಿ ಒಬ್ಬರು ಹಾಡಿದ್ದಾಯಿತು.

ಕನ್ಸರ್ಟಿನಾ ಮನೆಗೆ ಬಂತು. ಹಲಸಿನ ಮರ, ಆಡಿನ ಚರ್ಮ, ತಿದಿಯ ಮಡಿಕೆಗಳಿಗೆ ಹಳೇ ಫೈಲುಗಳ ರಟ್ಟು. ಎಳೆದಾಗಲೂ ಒತ್ತಿದಾಗಲೂ ಒಂದೇ ಸ್ವರ ಬರಲೆಂದು ಒಂದೊಂದು ಗುಂಡಿಗೆ ಎರಡೆರಡು ಹಾರ್ಮೋನಿಯಂ ರೀಡು ಹಾಕಿದ್ದರು. ಹಾಗಾಗಿ ಭಾರ. ಕಾಲು ಗಂಟೆ ನುಡಿಸಿದರೆ ಮಣಿಕಟ್ಟು ಸೋಲುತ್ತದೆ. ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು, ಸವಳಂಗ ರಸ್ತೆಯ ಕಡೆಯ ಕಿಟಕಿ ಮುಚ್ಚಿ, ದಿನಾ ಸಂಜೆ ನುಡಿಸುತ್ತೇನೆ. ಬೇರೆಲ್ಲವನ್ನೂ ಬಿಟ್ಟವನು ಇದನ್ನು ಬಿಡಲಿಲ್ಲ. ಪ್ರೀತಿ ಎನ್ನಬಹುದು, ಆದರೆ ಆ ಹೊತ್ತಿಗೆ ಹೊಸದೇನನ್ನೂ ಹಿಡಿಯಲು ತ್ರಾಣವಿರುವುದಿಲ್ಲ ಎಂಬುದೇ ಸತ್ಯಕ್ಕೆ ಹತ್ತಿರ.

ಮೊದಲ ಕೆಲವು ವಾರ ಅವಳು ಜೊತೆಗೆ ಹಾಡಿದಳು. ದನಿ ಕೆಳಗಿಳಿದು ಗಂಟಲಲ್ಲೇ ಉಳಿಯುತ್ತಿತ್ತು. ಅಭ್ಯಾಸ ಸಾಲದು ಎಂದೆ. ಆಮೇಲೆ ಹಾಡುವುದನ್ನೇ ಬಿಟ್ಟಳು, ಅಡುಗೆಮನೆಯಲ್ಲಿ ಕೂಡ. "ಇವಳಿಗೋಸ್ಕರ ಮಾಡಿಸಿದ್ದು, ಇವಳೇ ಹಾಡಲ್ಲ" ಎಂದು ಬಂದವರೆದುರು ಹೇಳುವುದು ನನಗೆ ರೂಢಿಯಾಯಿತು.

ಈ ಮಳೆಗಾಲದಲ್ಲಿ ಅವಳ ಅಕ್ಕ ಬಂದಿದ್ದಾಗಲೂ ಹಾಗೇ ಹೇಳಿದೆ. ಹೆಂಡತಿ ಬೀನ್ಸ್ ಮುರಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ನಂಗೋಸ್ಕರ ಅಂತೆ. ಅಲ್ಲಿ ಹಾಡಿದ್ದು ನೀವು ಮಾರಾಯ್ರೆ."

"ಸ್ಟೂಲ್ ಮೇಲೆ ಕೂತು ನೀನು ಹಾಡಲಿಲ್ವಾ?"

"ಕೂತಿದ್ದೆ. ನಾನು ಬಾಯಿ ತೆಗೆಯೋದರೊಳಗೆ ನೀವು ಶುರು ಮಾಡಿದ್ರಿ. ಸಾಕು ಸಾರ್ ಅಂದ್ರು ಪಾಪ ಅವರು."

"ಯಾರಾದ್ರೂ ಅನ್ನಲೇಬೇಕಿತ್ತು ಬಿಡು," ಎಂದರು ಅಕ್ಕ. ಇಬ್ಬರೂ ನಕ್ಕರು.

ರೀಡುಗಳು ಥಂಡಿಗೆ ಕಿಲುಬು ಹಿಡಿದು ಶ್ರುತಿ ಇಳಿದಿರಬೇಕು, ಮೊದಲು ಅದು ನಿನ್ನ ಶ್ರುತಿಯಲ್ಲೇ ಇತ್ತು ಎಂದು ನಾನು ವಾದಿಸಿದೆ.

"ಆಯ್ತು, ಇಳೀತು," ಎಂದು ಬೀನ್ಸಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅಷ್ಟು ಬೇಗ ಒಪ್ಪಿಕೊಂಡದ್ದೇ ನನ್ನನ್ನು ಕೂರಲು ಬಿಡಲಿಲ್ಲ. ಅವಳು ಹೇಳಿದ್ದು ನಿಜವಾದರೆ ಅವಳ ಹಾಡು ನಿಂತದ್ದು ಆಲಸ್ಯದಿಂದಲ್ಲ, ನನ್ನಿಂದ. ಇಷ್ಟು ವರ್ಷ ಅದನ್ನು ಅವಳ ತಪ್ಪೆಂದು ಹೇಳಿಕೊಂಡು ತಿರುಗಿದವನೂ ನಾನೇ. ವಾದ್ಯ ಮಾಡಿದವರಿಗೆ ಫೋನ್ ಮಾಡಿದೆ. ಈಗ ಅವರು ಕೆಲಸ ಬಿಟ್ಟಿದ್ದಾರೆ, ಕಿವಿಯೂ ಮಂದ.

"ಎಷ್ಟು ಗಂಟಲು ಕೇಳಿದೀನಿ ಸಾರ್, ನಿಮ್ಮನೇದು ಎಲ್ಲಿ ನೆನಪಿರುತ್ತೆ? ಪೆಟ್ಟಿಗೆ ನಿಮ್ಮ ಹತ್ರಾನೇ ಇದೆಯಲ್ಲ, ಅದನ್ನೇ ಕೇಳಿ," ಎಂದರು.

ಶನಿವಾರ ಕನ್ಸರ್ಟಿನಾವನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ನಮ್ಮೂರಿನ ಗಾಂಧಿ ಬಜಾರಿನ ಹತ್ತಿರದ ವಾದ್ಯದಂಗಡಿಗೆ ಹೋದೆ. ನಾನು ಷಡ್ಜದ ಗುಂಡಿ ಹಿಡಿದು ತಿದಿ ಎಳೆಯುತ್ತ ನಿಂತೆ. ಅಂಗಡಿಯವರು ಹೊಸ ಹಾರ್ಮೋನಿಯಮ್ಮಿನ ಕರಿ-ಬಿಳಿ ಮನೆಗಳನ್ನು ಒಂದೊಂದಾಗಿ ಒತ್ತುತ್ತ ಹೋದರು. ಎರಡೂ ಒಂದಾಗುವ ಜಾಗ ಸಿಕ್ಕಿದ ಮೇಲೆ ನನ್ನಿಂದಲೂ ಒಂದು 'ಸಾ' ಹಾಡಿಸಿದರು. ರೀಡು ಹಳತಾದರೆ ಕೂದಲೆಳೆಯಷ್ಟು ಇಳಿಯಬಹುದು, ಐದೂವರೆಯಿಂದ ಇಷ್ಟು ಕೆಳಗೆ ಯಾವತ್ತೂ ಬರುವುದಿಲ್ಲ ಎಂದರು.

ನನ್ನ ಕನ್ಸರ್ಟಿನಾದ ಷಡ್ಜ ಒಂದೂವರೆ ಶ್ರುತಿಯದು. ನನ್ನ ಗಂಟಲಿನದೂ ಅದೇ.