ಗೈಡ್ ಹುಡುಗಿಗೆ ಬಂದ ಜ್ವರ

ತಟ್ಟೆಯಲ್ಲಿ ಒಂದು ಬ್ಯಾಡ್ಜ್ ಉಳಿಯಿತು.

ಅಷ್ಟೇ ನೋಡಿ. ಬೇರೆ ಯಾರಾದರೂ ಆಗಿದ್ದರೆ ಎಕ್ಸ್‌ಟ್ರಾ ತಂದಿರ್ತಾರೆ ಬಿಡು ಅಂದುಕೊಂಡು ಕಾಫಿಗೆ ಎದ್ದು ಹೋಗುತ್ತಿದ್ದರು. ನಾನು ಹಾಗಲ್ಲ. ತಿಪಟೂರಲ್ಲಿ ಹುಟ್ಟಿ ಬೆಳೆದವಳು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸದೆ ಒಂದು ತೆಂಗಿನಕಾಯಿಯನ್ನೂ ಮನೆಗೆ ತಂದವಳಲ್ಲ. (ನನ್ನ ಗಂಡನನ್ನು ಕೇಳಿದರೆ, ಕಾಯಿ ಒಂದೇ ಅಲ್ಲ, ಅವರನ್ನೂ ದಿನಾ ಅಲ್ಲಾಡಿಸಿ ನೋಡುತ್ತೇನಂತೆ.)

ಕಿಬ್ಬನಹಳ್ಳಿ ಕ್ರಾಸ್‌ನಿಂದ ಸ್ವಲ್ಪ ಒಳಗೆ ಒಂದು ಹೈಸ್ಕೂಲು. ಹೆಸರು ಬೇಡ, ಒಳ್ಳೆ ಸ್ಕೂಲೇ. ಅಲ್ಲಿನ ಗೈಡ್ಸ್ ಹುಡುಗಿಯರ ದೀಕ್ಷಾ ಸಮಾರಂಭಕ್ಕೆ ನನ್ನನ್ನು ಮುಖ್ಯ ಅತಿಥಿ ಅಂತ ಕರೆದಿದ್ದರು. ಗೈಡ್ಸ್ ಗೊತ್ತಲ್ಲ? ಹುಡುಗರಿಗೆ ಸ್ಕೌಟ್ಸ್, ಹುಡುಗಿಯರಿಗೆ ಗೈಡ್ಸ್. ತಿಂಗಳುಗಟ್ಟಲೆ ಹಗ್ಗಕ್ಕೆ ಗಂಟು ಹಾಕೋದು, ಬ್ಯಾಂಡೇಜ್ ಕಟ್ಟೋದು, ಪ್ರಾರ್ಥನೆ, ಎಲ್ಲ ಕಲಿತ ಮೇಲೆ ಒಂದು ದಿನ ಬಾವುಟದ ಮುಂದೆ ನಿಂತು ಪ್ರತಿಜ್ಞೆ ಮಾಡಬೇಕು. ಆಗ ಒಂದು ಬ್ಯಾಡ್ಜ್ ಚುಚ್ಚುತ್ತಾರೆ. ಅದು ಎದೆ ಮೇಲೆ ಬಂದ ಮೇಲೇ ಅವಳು ಗೈಡ್. ಅಲ್ಲಿವರೆಗೆ ಸುಮ್ಮನೆ ಯೂನಿಫಾರಂ ಹಾಕಿದ ಹುಡುಗಿ.

ಬಾವುಟದ ಕಂಬದ ಬುಡಕ್ಕೆ ರಂಗೋಲಿ, ಅರಿಶಿನ ಕುಂಕುಮ, ಒಂದು ಕಾಯಿ. (ನಮ್ಮ ಕಡೆ ಹೊಸ ಮಿಕ್ಸಿ ಬಂದರೂ ಕಾಯಿ ಒಡೀತೀವಿ. ಬಾವುಟವನ್ನು ಬಿಡ್ತೀವಾ?) ನಾನು ದೀಪ ಹಚ್ಚಿದೆ. ಹೆಡ್‌ಮೇಷ್ಟ್ರು ಕಾಯಿ ಒಡೆದರು. ನಾನು ಹಗ್ಗ ಎಳೆದಾಗ ಬಾವುಟ ಬಿಚ್ಚಿಕೊಂಡು ಹೂವು ಉದುರಿತು. ಹುಡುಗಿಯರು ಒಬ್ಬೊಬ್ಬರಾಗಿ ಮುಂದೆ ಬಂದರು.

ಅವರಿಗೆ ಗೈಡ್ಸ್ ಕಲಿಸುವ ಟೀಚರ್ ಪುಷ್ಪಾ ಮೇಡಂ. ಕ್ಯಾಪ್ಟನ್ ಅಂತಾರೆ. ಅವರು ಪ್ರತಿಯೊಬ್ಬಳಿಗೂ ಒಂದೇ ಪ್ರಶ್ನೆ ಕೇಳಿದರು, ನಿನ್ನ ಮಾತನ್ನು ನಂಬಬಹುದಾ ಅಂತ. ಪ್ರತಿಯೊಬ್ಬಳೂ ನಂಬಬಹುದು ಅಂದಳು. ಆಮೇಲೆ ಮೂರು ಬೆರಳಿನ ಸೆಲ್ಯೂಟ್, ಎಡಗೈಯಲ್ಲಿ ಶೇಕ್‌ಹ್ಯಾಂಡ್, ನನ್ನಿಂದ ಬ್ಯಾಡ್ಜ್. (ಎಡಗೈ ಅವರ ಪದ್ಧತಿಯಂತೆ. ಮೊದಲನೇ ಹುಡುಗಿಗೆ ಬಲಗೈ ಚಾಚಿ ಪೆಚ್ಚಾದೆ.)

ಎಲ್ಲ ಮುಗಿದ ಮೇಲೆ ನೋಡಿದರೆ, ತಟ್ಟೆಯಲ್ಲಿ ಒಂದು ಹಾಗೇ ಇದೆ.

ಯಾರದ್ದು ಅಂತ ಕೇಳಿದೆ. ಹರ್ಷಿತ ಅಂತ ಒಬ್ಬಳದು, ಅವಳಿಗೆ ಜ್ವರ ಅಂದರು ಪುಷ್ಪಾ ಮೇಡಂ. ಅಂದವರೇ ತಟ್ಟೆ ಮೇಲೆ ಕರ್ಚೀಫ್ ಹಾಕಿದರು. ಬ್ಯಾಡ್ಜ್‌ಗೆ ಯಾಕ್ರೀ ಮುಸುಕು?

ಬೆಳಗ್ಗೆ ಆಟೋ ಇಳಿದಾಗ ವರಾಂಡದ ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿಯೊಬ್ಬಳು ನೆನಪಾದಳು. ಗರಿಗರಿ ಇಸ್ತ್ರಿ ಯೂನಿಫಾರಂ. ಚಿಕ್ಕ ಹುಡುಗಿಯೊಬ್ಬಳಿಗೆ ಸ್ಕಾರ್ಫ್ ಸರಿಮಾಡಿ ಕಳಿಸುತ್ತಿದ್ದಳು. ತಿರುಗಿ ನೋಡಿದರೆ ಈಗಲೂ ಅಲ್ಲೇ ಇದ್ದಾಳೆ. ಜ್ವರ ಬಂದವಳು ಮನೇಲಿ ಮಲಗದೆ ಇಸ್ತ್ರಿ ಮಾಡಿಕೊಂಡು ಸ್ಕೂಲಿಗೆ ಯಾಕೆ ಬಂದಳು? ಬಂದವಳು ಬಾವುಟದಿಂದ ಅಷ್ಟು ದೂರ ಯಾಕೆ ಕೂತಳು?

ತಲೆಯಲ್ಲಿ ಏನೇನೋ ಓಡಿತು. ಫೀಸ್ ಕಟ್ಟಿಲ್ಲವಾ? ಜಾತಿಯಾ? ಮೇಡಂಗೂ ಇವರಪ್ಪನಿಗೂ ಏನಾದರೂ ಜಗಳವಾ? ಕಾಫಿ ಲೋಟ ಹಿಡಿದುಕೊಂಡೇ ಹೋದೆ. ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ಅವಳು ಎದ್ದು ನಿಂತಳು.

"ಜ್ವರ ಇಲ್ಲ ಮೇಡಂ. ಡೇಟ್ ಆಗಿದೆ. ಬೆಳಗ್ಗೆ ಮಿಸ್ ಕೇಳಿದ್ರು, ಹೇಳ್ದೆ."

ಕಂಬಕ್ಕೆ ಪೂಜೆ ಮಾಡುವ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದ್ದರಂತೆ, ಯಾರಾದರೂ ಹೊರಗಾಗಿದ್ದೀರಾ, ಆಗಿದ್ದರೆ ಬಾವುಟದ ಹತ್ತಿರ ಬರಬೇಡಿ ಅಂತ. ಇವಳು ಕೈ ಎತ್ತಿದಳು. ಮಿಕ್ಕವರೆಲ್ಲ ನೆಲ ನೋಡಿದರು. ಸಾಲು ತುಂಬ ಹೈಸ್ಕೂಲ್ ಹುಡುಗಿಯರು, ಅಷ್ಟರಲ್ಲಿ ಇವಳೊಬ್ಬಳೇನಾ? ಇವಳಿಗೂ ಗೊತ್ತು. ಆವತ್ತು ಬೆಳಗ್ಗೆಯೇ ಒಬ್ಬ ಫ್ರೆಂಡ್ ಇವಳ ಹತ್ತಿರ ಪ್ಯಾಡ್ ಇಸ್ಕೊಂಡಿದ್ದಳಂತೆ. ಹೆಸರು ಮಾತ್ರ ಹೇಳಲಿಲ್ಲ. ಆ ಫ್ರೆಂಡು ಆಗಷ್ಟೇ ನನ್ನ ಮುಂದೆ ನಿಂತು ನಂಬಬಹುದು ಅಂದು ಬ್ಯಾಡ್ಜ್ ಚುಚ್ಚಿಸಿಕೊಂಡು ಹೋಗಿದ್ದಾಳೆ!

ಮುಂದಿನ ವರ್ಷ ಆಗಲ್ವಾ ಅಂದೆ. ಇವಳು ಒಂಬತ್ತನೇ ಕ್ಲಾಸು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆ ಸ್ಕೂಲಿನಲ್ಲಿ ಹತ್ತನೇ ಕ್ಲಾಸಿನವರನ್ನು ಗೈಡ್ಸ್‌ಗೆ ಬಿಡುವುದಿಲ್ಲ. ಅಂದರೆ ಇವತ್ತು ಇಲ್ಲ ಅಂದರೆ ಇನ್ನು ಇಲ್ಲವೇ ಇಲ್ಲ. ಅಳಲಿಲ್ಲ ಪುಣ್ಯಾತಗಿತ್ತಿ. ಅವಳ ಕಣ್ಣು ಮಾತ್ರ ಆ ತಟ್ಟೆ ಮೇಲೇ ಇತ್ತು. ನನಗೆ ಮೈಯೆಲ್ಲ ಉರಿದುಹೋಯ್ತು.

ವಾಪಸ್ ಹೋಗಿ ಪುಷ್ಪಾ ಮೇಡಂನ ಕೇಳಿದೆ. ಅವರೇನು ಕೆಟ್ಟವರಲ್ಲ, ಹೆದರಿದ್ದರು. ಕಂಬಕ್ಕೆ ಪೂಜೆ ಆಗಿದೆ, ದೀಪ ಉರೀತಿದೆ, ಪೇರೆಂಟ್ಸ್ ಕೂತಿದ್ದಾರೆ, ನಾಳೆ ಯಾರ ಮನೇಲಿ ಏನಾದರೂ ಆದರೆ ನನ್ನ ತಲೆಗೇ ಬರುತ್ತೆ ಕಣ್ರೀ ಅಂದರು. ಬ್ಯಾಡ್ಜ್ ಮನೆಗೆ ಕಳಿಸ್ತಾರಂತೆ. ಪ್ರತಿಜ್ಞೆ ಮಾಡದೆ ಮನೆಗೆ ಬಂದ ಬ್ಯಾಡ್ಜ್ ತಗೊಂಡು ಆ ಹುಡುಗಿ ಏನು ಮಾಡಬೇಕು? ಹೆಡ್‌ಮೇಷ್ಟ್ರಿಗೆ ವಿಷಯ ಗೊತ್ತಾಗಿ, ಇದ್ದಕ್ಕಿದ್ದ ಹಾಗೆ ಮೈಕ್‌ನ ವೈರ್ ಚೆಕ್ ಮಾಡಲು ಶುರುಮಾಡಿದರು.

ಆಗ ಹೇಳಿಬಿಟ್ಟೆ.

"ಮೇಡಂ, ಆ ದೀಪ ಹಚ್ಚಿದವಳಿಗೂ ಇವತ್ತು ಎರಡನೇ ದಿನ."

(ಮೈಕ್ ಆಫ್ ಇತ್ತು. ಆನ್ ಇದ್ದಿದ್ದರೆ ಇನ್ನೂ ಚೆನ್ನಾಗಿರ್ತಿತ್ತು.)

ಪುಷ್ಪಾ ಮೇಡಂ ದೀಪ ನೋಡಿದರು. ನನ್ನ ನೋಡಿದರು. ನನ್ನನ್ನು ಕರೆಯುವಾಗ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಸೀರೆ ಉಟ್ಟುಕೊಂಡು, ಹಾರ ಹಾಕಿಸಿಕೊಂಡು, ಬಾವುಟಕ್ಕೂ ದೀಪಕ್ಕೂ ಕೈ ಹಚ್ಚಿ, ಅಷ್ಟೂ ಹುಡುಗಿಯರನ್ನು ಮುಟ್ಟಿ ಆಗಿದೆ. ಈಗ ಯಾವುದನ್ನು ಅಂತ ತೊಳೀತಾರೆ? ಕೊನೆಗೆ ಅವರೇ ಕರ್ಚೀಫ್ ತೆಗೆದರು. ಅವರೇ ವರಾಂಡದ ಕಡೆ ತಿರುಗಿ ಹರ್ಷಿತಾ, ಬಾಮ್ಮ ಅಂತ ಕರೆದರು.

ಹುಡುಗಿ ಓಡಿ ಬರಲಿಲ್ಲ. ಸ್ಕಾರ್ಫ್ ಸರಿಮಾಡಿಕೊಂಡು ಮಾರ್ಚ್ ಮಾಡಿಕೊಂಡೇ ಬಂದಳು. ನಿನ್ನ ಮಾತನ್ನು ನಂಬಬಹುದಾ ಅಂತ ಕೇಳುವಾಗ ಪುಷ್ಪಾ ಮೇಡಂ ದನಿ ಯಾಕೋ ತಗ್ಗಿತು. ಇವಳು ಗಟ್ಟಿಯಾಗಿ ನಂಬಬಹುದು ಅಂದಳು. ಪ್ರತಿಜ್ಞೆ ತಪ್ಪಿಲ್ಲದೆ ಹೇಳಿದಳು. ನಾನು ಬ್ಯಾಡ್ಜ್ ಚುಚ್ಚಿ, ಈ ಸಲ ಸರಿಯಾಗಿ ಎಡಗೈ ಚಾಚಿದೆ. ದೊಡ್ಡ ಕೆಲಸ ಮಾಡಿದೆ ಅಂತ ಒಳಗೊಳಗೇ ಬೀಗುತ್ತಿದ್ದೆ ಅನ್ನಿ.

ಹುಡುಗಿ ಕೈ ಬಿಡಲಿಲ್ಲ. ನನಗೊಬ್ಬಳಿಗೇ ಕೇಳುವ ಹಾಗೆ ಅಂದಳು:

"ಬೆಳಗ್ಗೆ ನಿಮ್ಮನ್ನೂ ಕೇಳಿದ್ರೆ, ನಿಜ ಹೇಳ್ತಿದ್ರಾ ಮೇಡಂ?"

ಹೂಂ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು.

ನೀವಾಗಿದ್ದರೆ ನಂಬ್ತಿದ್ರಾ?